ಉಜ್ಜಿದ ಮುಳ್ಳು

ಎರಡು ಸಾವಿರದ ಏಳನೇ ಇಸವಿ ಜನವರಿಯ ಒಂದು ಭಾನುವಾರ, ಕಾರವಾರದ ವಸ್ತುಪ್ರದರ್ಶನದಲ್ಲಿ, ಅರವತ್ತೆರಡು ವರ್ಷದ ಈರಮ್ಮನನ್ನು ಅಕ್ಯುಪ್ರೆಶರ್ ಚಾಪೆಯ ಮೇಲೆ ಬರಿಬೆನ್ನಿನಲ್ಲಿ ಅಂಗಾತ ಮಲಗಿಸಿ, ಸತೀಶನೆಂಬವನು ಬೂಟುಗಾಲಿನಲ್ಲಿ ಅವಳ ಎದೆಯ ಮೇಲೆ ನಿಂತ. ನಿಂತುಕೊಂಡೇ ಮೈಕಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದ. ಈರಮ್ಮನ ಎರಡು ಪಕ್ಕೆಲುಬು ಮುರಿದವು. ಜನ ಚಪ್ಪಾಳೆ ತಟ್ಟಿದರು. ಆ ಹೊತ್ತಿನಲ್ಲಿ ಒಂಬತ್ತು ಚಾಪೆ, ಆರು ದಿಂಬು ಮಾರಾಟವಾದವು.

ಎಣಿಕೆ ಮುಗಿದು ಸತೀಶ ಕೆಳಗಿಳಿದ ಮೇಲೂ ಈರಮ್ಮ ಏಳಲಿಲ್ಲ. ನಗುತ್ತಲೇ ಇದ್ದಳು. ಅದು ಕಲಿಸಿದ ನಗು. "ಹಲ್ಲು ಕಾಣ್ಬೇಕು ಗೌಡ್ತಿ, ಹಲ್ಲು! ಆರಾಮ ಅಂದ್ರೆ ಹಲ್ಲು ಕಾಣೂದು" ಎಂದು ಸತೀಶ ವಾರಗಟ್ಟಲೆ ತಾಲೀಮು ಮಾಡಿಸಿದ್ದ. ಮಳಿಗೆಯ ಪಕ್ಕದಲ್ಲಿ ದಿಂಬು ಜೋಡಿಸುತ್ತಿದ್ದ ಸೊಸೆ ಕುಸುಮಾಗೆ ಆ ಹಲ್ಲುಗಳ ಸಂದಿನಲ್ಲಿ ಕೆಂಪು ಕಂಡಿತು. ಕೈಯಲ್ಲಿದ್ದುದನ್ನು ಬಿಸಾಕಿ ಓಡಿದಳು. ಜೊತೆ ಕೆಲಸದ ದುರ್ಗಿ ಒಂದು ತೋಳು, ಇವಳೊಂದು ತೋಳು ಹಿಡಿದು ಎತ್ತಿದರೆ ಅತ್ತೆಯ ಜೊತೆ ಚಾಪೆಯೂ ಎದ್ದುಬಂತು. ಬೆನ್ನಿಗೆ ಕಚ್ಚಿಕೊಂಡಿತ್ತು. ದುರ್ಗಿ ಅದನ್ನು ಹಲಸಿನ ಸೊಳೆ ಬಿಡಿಸಿದ ಹಾಗೆ ಒಂದು ಮೂಲೆಯಿಂದ ಮೆಲ್ಲಗೆ ಬಿಡಿಸಿದಳು. ಎದೆಯ ಕಡೆ ಇನ್ನೊಂದು ಕತೆ. ರವಿಕೆ ತೊಡದ ಹಾಲಕ್ಕಿ ಗೌಡರ ಹೆಂಗಸಿಗೆ ಕೊರಳಿಂದ ಹೊಟ್ಟೆಯ ತನಕ ಇಳಿಬಿಟ್ಟ ಕರಿಮಣಿ ಸರಗಳೇ ಮಾನ, ಮರ್ಯಾದೆ. ಅದರಲ್ಲಿ ನಾಲ್ಕು ಸರ ಹರಿದು, ಮಣಿಗಳು ಬೂಟಿನ ಅಚ್ಚಿನ ಆಕಾರದಲ್ಲೇ ಚರ್ಮದೊಳಗೆ ನಾಟಿ ಕೂತಿದ್ದವು.

"ನೋಡಿ, ನೋಡಿ! ಆರಾಮ ಜಾಸ್ತಿಯಾಗಿ ಅಜ್ಜಿಗೆ ಏಳೂಕೇ ಮನಸ್ಸಿಲ್ಲ!" ಎಂದ ಸತೀಶ ಮೈಕಿನಲ್ಲಿ.

ಜನ ನಕ್ಕರು.

ಆಸ್ಪತ್ರೆಯಲ್ಲಿ ನಿಶಾ ಎಂಬ ಎಳೆ ವಯಸ್ಸಿನ ಡಾಕ್ಟರು ಇದ್ದರು. ಈರಮ್ಮನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದರು.

"ಹೇಗಾಯ್ತು?"

"ಅಟ್ಟದ ಏಣಿಯಿಂದ ಬಿದ್ಲು ಡಾಕ್ಟ್ರೇ. ಕೆಳಗೆ ಮೊಳೆ ಹೊಡೆದ ಹಲಗೆ ಇತ್ತು" ಎಂದ ಸತೀಶ.

"ಮೊಳೆ ಇಷ್ಟು ಸಾಲಾಗಿ ಹೊಡೀತಾರಾ?" ಡಾಕ್ಟರು ಅವನ ಮುಖ ನೋಡದೆ ಕುಸುಮಾಳ ಕಡೆ ತಿರುಗಿದರು. "ನೀವು ಸೊಸೆ ಅಲ್ವಾ? ನೀವು ಹೇಳಿ. ಬಿದ್ದದ್ದಾ?"

ಕುಸುಮಾಳ ಕುತ್ತಿಗೆಯ ಹಿಂದೆ ಸತೀಶನ ಬೆರಳುಗಳು ಬಂದು ಕೂತವು. ನೋಡಿದವರಿಗೆ ಸಮಾಧಾನ ಮಾಡಿದ ಹಾಗೆ ಕಾಣಬೇಕು. ಹೆಬ್ಬೆರಳು ಮಾತ್ರ ನರ ಹುಡುಕಿ ಒತ್ತುತ್ತಿತ್ತು. ಅಕ್ಯುಪ್ರೆಶರ್ ವಿದ್ಯೆಯಲ್ಲಿ ಅವನು ಕಲಿತದ್ದು ಅದೊಂದೇ.

"ಹೌದು" ಎಂದಳು ಕುಸುಮಾ. "ಬಿದ್ದದ್ದು."

ಡಾಕ್ಟರು ಬರೆದುಕೊಂಡರು. ಬರೆದು ಪೆನ್ನು ಮುಚ್ಚುತ್ತ, "ನಾ ಈ ವಾರ ಪೂರ್ತಿ ಇಲ್ಲೇ ಇರ್ತೇನೆ. ಬೇರೆ ಏನಾದ್ರೂ ನೆನಪಾದ್ರೆ ಬಂದು ಹೇಳಿ. ಹೇಳಿದ್ರೆ ಮಾತ್ರ ಅದು ಪೊಲೀಸ್ ಕೇಸು. ಇಲ್ಲಾಂದ್ರೆ ಏಣಿ" ಎಂದರು.

ತಾನು ಹೇಳಿದ ಆ ಒಂದು ಮಾತು ಕುಸುಮಾಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಬಿದ್ದದ್ದು. ಆ ಎದೆಯ ಮೇಲೆ ನಿಂತದ್ದು ಬೂಟು, ಕಾಗದದ ಮೇಲೆ ನಿಂತದ್ದು ಏಣಿ. ಅದನ್ನು ನಿಲ್ಲಿಸಿದ್ದು ತನ್ನ ಬಾಯಿ.

ಯಾಕೆ ಹೇಳಿದಳು? ಕೇಳುವುದು ಸುಲಭ. ಅರ್ಗಾದಲ್ಲಿ ಈರಮ್ಮನಿಗೆ ಬಸಳೆ, ಹರಿವೆ, ಬದನೆ ಬೆಳೆವ ತುಂಡು ಭೂಮಿ ಇತ್ತು. ಬುಟ್ಟಿ ಹೊತ್ತು ಬರಿಗಾಲಲ್ಲಿ ಕಾರವಾರ ಪೇಟೆಗೆ ನಡೆಯುತ್ತಿದ್ದಳು. ಭೂಮಿ ನೌಕಾನೆಲೆಯ ಯೋಜನೆಗೆ ಹೋಯಿತು, ಬೇಲಿ ಬಂತು, ಮನೆ ತೋಡೂರಿನ ಕಾಲನಿಗೆ ಬಂತು. ಕಾಲನಿಯ ಮಣ್ಣಿನಲ್ಲಿ ಬಸಳೆ ಏಳಲಿಲ್ಲ. ಆಗ ಹಟ್ಟಿಕೇರಿಯಲ್ಲಿ ರಾಮನಾಥ ಎಂಬವರು ಹಳೆಯ ಹಂಚಿನ ಗೋದಾಮಿನಲ್ಲಿ ಚಾಪೆಯ ಕೆಲಸ ಶುರು ಮಾಡಿದರು. ರಾಮನಾಥ ಸರಕಾರಿ ನೌಕರಿಯಿಂದ ನಿವೃತ್ತರಾದವರು, ಮೆತ್ತಗಿನ ಮಾತು, ಹಣೆಯಲ್ಲಿ ಗಂಧ. ಸತೀಶ ಅವರ ತಂಗಿಯ ಮಗ. ಮಾವನದು ಬಾಯಿ, ಅಳಿಯನದು ಕೈ. ತೋಡೂರಿನ ಹತ್ತು ಹೆಂಗಸರು ಬಸ್ಸು ಹತ್ತಿ ಅಲ್ಲಿಗೆ ದುಡಿಯಲು ಹೋಗುತ್ತಿದ್ದರು. ಚಾಪೆಯ ಜೊತೆ ಕೊಡುವ ಕರಪತ್ರದಲ್ಲಿ, "ಒತ್ತಡವೇ? ನಿದ್ರೆ ಬಾರದೇ? ದಿನಕ್ಕೆ ಇಪ್ಪತ್ತು ನಿಮಿಷ ಮಲಗಿ, ಚಿಂತೆ ಮರೆಯಿರಿ" ಎಂದು ಅಚ್ಚಾಗಿತ್ತು. ಚಾಪೆ ಮಾಡುವವರಿಗೆ ಕೂತು ಉಣ್ಣಲು ಹತ್ತು ನಿಮಿಷ ಇರಲಿಲ್ಲ.

ಕೆಲಸ ಇಷ್ಟು. ಚೀಲದಲ್ಲಿ ಬರುವ ಪ್ಲಾಸ್ಟಿಕ್ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಎರಡು ಡಜನು ಮುಳ್ಳು. ಸ್ಪಂಜು ತುಂಬಿದ ಬಟ್ಟೆಯ ಮೇಲೆ ಅವನ್ನು ಸಾಲುಸಾಲಾಗಿ ಬಿಸಿ ಅಂಟಿನಿಂದ ಕೂರಿಸಬೇಕು. ಮಲಗಲು ಚಾಪೆ, ಕುತ್ತಿಗೆಗೆ ಅರ್ಧಚಂದ್ರದ ದಿಂಬು. ಒಳ್ಳೆಯ ಅಚ್ಚಿನ ಮುಳ್ಳು ಒತ್ತುತ್ತದೆ, ಹರಿಯುವುದಿಲ್ಲ. ರಾಮನಾಥರು ತರಿಸುತ್ತಿದ್ದುದು ಅಗ್ಗದ ಮಾಲು. ಪ್ರತಿ ಮುಳ್ಳಿನ ತುದಿಯಲ್ಲೂ ಬ್ಲೇಡಿನಂಥ ಒಂದು ಚೂಪು ಅಂಚು ಉಳಿದಿರುತ್ತಿತ್ತು. ಕೊಯ್ದ ಗದ್ದೆಯಲ್ಲಿ ಅಂಗಾಲಿಗೆ ಚುಚ್ಚುವ ಕೂಳೆಯ ಹೆಸರನ್ನೇ ಹೆಂಗಸರು ಅದಕ್ಕೆ ಇಟ್ಟಿದ್ದರು. "ಇವತ್ತಿನ ಚೀಲದಲ್ಲಿ ಕೂಳೆ ಹೆಚ್ಚದೆ" ಎನ್ನುತ್ತಿದ್ದರು. ಕೂಳೆ ಕತ್ತರಿಸುತ್ತ ಕೂತರೆ ದಿನಕ್ಕೆ ನಾಲ್ಕು ಚಾಪೆಯೂ ಏಳುವುದಿಲ್ಲ. ದುರ್ಗಿ ಒಮ್ಮೆ ಕತ್ತರಿ ಹಿಡಿದು ಕೂತಿದ್ದಕ್ಕೆ ಸತೀಶ ಅವಳ ಅಂಗೈಯನ್ನು ಚಾಪೆಯ ಮೇಲಿಟ್ಟು ಬೂಟಿನಿಂದ ತುಳಿದಿದ್ದ. "ತಕೊಂಡವ್ರಿಗೆ ಚುಚ್ಚಿದ್ರೆ ಅದೇ ಚಿಕಿತ್ಸೆ ಹೇಳಿ ತಿಳ್ಕಂತ್ರು. ನಿಂಗೆಂತ ಗೋ ಅದ್ರ ಚಿಂತೆ?" ದುರ್ಗಿಯ ಅಂಗೈಯಲ್ಲಿ ಇವತ್ತಿಗೂ ಚುಕ್ಕಿ ರಂಗೋಲಿ ಇದೆ.

ಆದರೆ ಒಂದು ಚಾಪೆಗೆ ಮಾತ್ರ ಕೂಳೆ ಇರಲಿಲ್ಲ. ಪ್ರದರ್ಶನದಲ್ಲಿ ಹಾಸುವ ಚಾಪೆ. ಅದನ್ನು ತಯಾರು ಮಾಡಿದ್ದು ಕುಸುಮಾ. ಗಂಡನ ಕತ್ತಿ ಮಸೆಯುವ ಕಲ್ಲು ತಂದು, ನೀರು ಚಿಮುಕಿಸಿ, ಎಂಟು ದಿನ, ಒಂದೊಂದೇ ಮುಳ್ಳು. ಕೊನೆಗೆ ಅದರ ಮೇಲೆ ಕೈ ಆಡಿಸಿದರೆ ಎಳೆ ಹಲಸಿನ ಸಿಪ್ಪೆ ಸವರಿದ ಹಾಗಾಗುತ್ತಿತ್ತು. ನೋಡಲು ಎಲ್ಲ ಚಾಪೆಯಂತೆಯೇ. ಜನ ಬಂದು ಅದರ ಮೇಲೆ ಮಲಗುವರು, ಆಹಾ ಎನ್ನುವರು, ಪೆಟ್ಟಿಗೆಯಲ್ಲಿ ಮಡಚಿಟ್ಟ ಕೂಳೆಯ ಚಾಪೆ ಕೊಂಡು ಹೋಗುವರು. ಇದು ಮೋಸ ಎಂದು ಕುಸುಮಾಗೆ ಗೊತ್ತಿತ್ತು. ಗೊತ್ತಿದ್ದೂ ಉಜ್ಜಿದಳು. ಮಲಗುವವಳು ಅತ್ತೆ. ರವಿಕೆ ತೆಗಿ ಎಂದು ಯಾರಿಗೂ ಹೇಳಬೇಕಾಗಿಲ್ಲದ ಬೆನ್ನು ಅಂತ ರಾಮನಾಥರು ಆರಿಸಿದ್ದು ಈರಮ್ಮನನ್ನೇ. ಅತ್ತೆಯ ಬೆನ್ನಿಗೆ ನೋವಾಗದಿರಲಿ ಅಂತ ಉಜ್ಜಿದರೆ ಆ ಪಾಪ ತನಗೆ ತಟ್ಟಲಿಕ್ಕಿಲ್ಲ ಎಂದುಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ಈರಮ್ಮ ಕಣ್ಣು ತೆರೆದಳು. ಉಸಿರು ತಿದಿಯಂತೆ ಸದ್ದು ಮಾಡುತ್ತಿತ್ತು. ಮಗ ಸುಕ್ರ ಗಂಜಿ ತಂದು ತಲೆದೆಸೆಯಲ್ಲಿ ನಿಂತಿದ್ದ.

"ಕುಸ್ಮಾ" ಎಂದಳು ಮುದುಕಿ. "ಈ ಸಲ ಉಜ್ಜೂಕೆ ಮರ್ತ್ಯಾ ಮಗಾ?"

"ಎಂತದು ಅತ್ತೆ?"

"ಬೆನ್ನು ತಾಗ್ದ ಕೂಡ್ಲೆ ಗೊತ್ತಾಯ್ತು. ಕೂಳೆ ಅದೆ ಹೇಳಿ. ಕೂಗ್ಬೇಕು ಮಾಡ್ದೆ. ಕೂಗಿದ್ರೆ, ಉಜ್ಜಿದ್ದು ಯಾರು ಹೇಳಿ ಕೇಳ್ತ. ದುರ್ಗಿಗೆ ಮಾಡ್ದಾಂಗೆ ನಿನ್ನ ಕೈಯನ್ನೂ ಮೆಟ್ತ. ಅದ್ಕೇ ಹಲ್ಲು ಬಿಟ್ಕಂಡು ಬಿದ್ಕಂಡೆ." ಮುದುಕಿ ಕೆಮ್ಮಿದಳು. "ಬೇಜಾರು ಮಾಡ್ಕಣ್ಬೇಡ. ಎಲ್ಲರ್ಗೂ ಮರೀತದೆ."

ಕುಸುಮಾಗೆ ಭೂಮಿ ಬಾಯಿ ತೆರೆದಂತಾಯಿತು. ಇಪ್ಪತ್ತು ಎಣಿಸುವ ತನಕ ಈ ಮುದುಕಿ ಸೊಸೆಯ ಅಂಗೈಯನ್ನು ತನ್ನ ಬೆನ್ನಿನಡಿ ಇಟ್ಟುಕೊಂಡು ಕಾದಿದ್ದಳು.

"ನಾ ಮರೀಲಿಲ್ಲ ಅತ್ತೆ! ಆ ಚಾಪೆ ಉಜ್ಜಿದ್ದೇ. ಮುಳ್ಳು ಮುಳ್ಳೂ ಉಜ್ಜಿದ್ದೆ!"

"ಆ ಚಾಪೆ ಅಲ್ಲಿತ್ತೇ ಇಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ದುರ್ಗಿ.

ಎಲ್ಲರೂ ತಿರುಗಿದರು. ದುರ್ಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಶನಿವಾರ ಸಂಜೆ ಯಾರೋ ದೊಡ್ಡ ಆಫೀಸರರ ಹೆಂಡತಿ ಬಂದಿದ್ದಳಂತೆ. ಪ್ರದರ್ಶನದ ಚಾಪೆಯ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗಿ, ಎದ್ದು, ನನಗೆ ಇದೇ ಬೇಕು, ಪೆಟ್ಟಿಗೆಯದು ಬೇಡ ಎಂದಳಂತೆ. ಸತೀಶ ಕೈ ಮುಗಿದು ಅದನ್ನೇ ಸುತ್ತಿ ಕಾರಿನಲ್ಲಿಟ್ಟ. ಮರುದಿನ ಪೆಟ್ಟಿಗೆಯಿಂದ ಒಂದು ಹೊಸತನ್ನು ಬಿಚ್ಚಿ ಹಾಸಿದ.

"ನಾ ಹೇಳ್ದೆ, ಒಡೆಯಾ ಇದು ಉಜ್ಜಿದ್ದಲ್ಲ ಹೇಳಿ. ಅದ್ಕೆ, ಈ ಮುದುಕಿ ಬೆನ್ನು ಎಮ್ಮೆ ಬೆನ್ನು, ಗೊತ್ತಾಗುಲಾ ಅಂದ. ನಾ ಆಮೇಲೆ ಬಾಯಿ ಮುಚ್ದೆ ಕುಸ್ಮಾ. ನನ್ನ ಈ ಕೈ..." ದುರ್ಗಿ ಅಂಗೈ ತೋರಿಸಿದಳು.

ಸುಕ್ರ ಗಂಜಿಯ ಪಾತ್ರೆಯನ್ನು ನೆಲಕ್ಕಿಟ್ಟ. ಹೊರಟ. ಕುಸುಮಾ ಹಿಂದೆಯೇ ಓಡಿದಳು. ಗಂಡ ಹೆಂಡತಿ ಹಟ್ಟಿಕೇರಿಯ ಬಸ್ಸು ಹತ್ತಿದರು.

ಸುಕ್ರನ ಸೊಂಟದ ಹಿಂದೆ, ಕೊಕ್ಕೆಯಲ್ಲಿ, ಕತ್ತಿ ಇತ್ತು. ಬುದ್ಧಿ ಬಂದಾಗಿನಿಂದ ಇದ್ದ ಕತ್ತಿ. ಹಾಲಕ್ಕಿ ಗಂಡಸು ಮನೆಯಿಂದ ಹೊರಟರೆ ಕತ್ತಿ ಕೊಕ್ಕೆಯಲ್ಲೇ ಇರುತ್ತದೆ. ಸೊಪ್ಪು ಕಡಿಯಲಿಕ್ಕೆ, ತೆಂಗಿನಕಾಯಿ ಕೆತ್ತಲಿಕ್ಕೆ, ದಾರಿಯ ಬಳ್ಳಿ ಸವರಲಿಕ್ಕೆ. ಮದುವೆ ಮನೆಗೂ ಅದು ಹೋಗುತ್ತದೆ, ಸಾವಿನ ಮನೆಗೂ ಹೋಗುತ್ತದೆ. ಅದು ಸೊಂಟದಲ್ಲಿದೆ ಎಂಬುದೇ ಅವನಿಗೆ ನೆನಪಿರಲಿಲ್ಲ.

ಗೋದಾಮಿನಲ್ಲಿ ಸತೀಶನೂ ಮಾಲು ಏರಿಸುವ ಇಬ್ಬರು ಆಳುಗಳೂ ಇದ್ದರು. ಹೆಂಗಸರು ಅಂಟು ಹಚ್ಚುತ್ತಿದ್ದರು.

"ಅವ್ವಿ ಎದೆ ಮೇಲೆ ನಿಂತವ ನೀನಾ?" ಎಂದ ಸುಕ್ರ.

"ಕಿತೆಂ ರೇ, ಎಂತ ಬೇಕು? ಬೊಬ್ಬೆ ಹೊಡೀಬೇಡ. ಮಾವ ಬಂದ್ಮೇಲೆ ಮಾತಾಡುವಾ."

"ಮಾವ ಬೇಡ. ನೀ ಆಸ್ಪತ್ರೆಗೆ ಬಾ. ಬಂದು ಡಾಕ್ಟ್ರಮ್ಮನ ಮುಂದೆ ಹೇಳು, ಏಣಿ ಅಲ್ಲ, ನಾನು ಹೇಳಿ."

ಸುಕ್ರ ಅವನ ಕೈ ಹಿಡಿದೆಳೆದ. ಅಷ್ಟೇ. ಹಿಂದಿನಿಂದ ಒಬ್ಬ ಆಳು ಕತ್ತಿ ಕಂಡು "ಕೊಯ್ತ! ಕೊಯ್ತ!" ಎಂದು ಕೂಗಿ, ಅಂಟು ಕಲಕುವ ಕಬ್ಬಿಣದ ಸರಳಿನಿಂದ ಸುಕ್ರನ ಮೊಣಕಾಲಿನ ಹಿಂದಕ್ಕೆ ಹೊಡೆದ. ಸುಕ್ರ ಕುಸಿದ. ಇನ್ನೊಬ್ಬ ತೋಳು ತಿರುಚಿ ಬೆನ್ನಿಗೆ ಕಟ್ಟಿದ. ಕುಸುಮಾ ನುಗ್ಗಿದಳು, ಮೊಣಕೈ ಬಂದು ಬಾಯಿಗೆ ಬಿತ್ತು, ಹಲ್ಲೊಂದು ಅಲುಗಿತು. ಸತೀಶ ಆರಿದ ಚಾಪೆಯೊಂದನ್ನು ಎಳೆದು, ಸುಕ್ರನ ಕೆನ್ನೆಯನ್ನು ಅದರ ಮೇಲಿಟ್ಟು, ತಲೆಯ ಮೇಲೆ ಬೂಟು ಇಟ್ಟ.

"ಭಾರೀ ಒತ್ತಡ ಅದ್ಯಲ್ಲಾ ನಿಂಗೆ? ಆರಾಮ ಮಾಡ್ಕ" ಎಂದ. ಮತ್ತೆ ಎಣಿಸಿದ. ಒಂದು. ಎರಡು. ಮೂರು. ಮೈಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹೆಂಗಸರ ಏಳು ಜೊತೆ ಕಣ್ಣು ನೋಡುತ್ತಿದ್ದವು. ಅಂಟು ಮಡಕೆಯಲ್ಲಿ ಗುಳುಗುಳು ಕುದಿಯುತ್ತಿತ್ತು. ಹದಿನೇಳು ಎನ್ನುವಾಗ ಸುಕ್ರ ಕೂಗುವುದನ್ನು ನಿಲ್ಲಿಸಿದ. ಎತ್ತಿದಾಗ ಎಡಗೆನ್ನೆ ಕಸೂತಿ ಹಾಕಿದಂತಿತ್ತು, ಎಡಗಣ್ಣು ಮುಚ್ಚಿಹೋಗಿ ಸಂದಿನಿಂದ ನೀರೂ ನೆತ್ತರೂ ಇಳಿಯುತ್ತಿತ್ತು. ಪೊಲೀಸರು ಬಂದರು. ಕತ್ತಿ ಕೊಕ್ಕೆಯಲ್ಲೇ ಇತ್ತು, ಹೊರಗೆ ಬಂದೇ ಇರಲಿಲ್ಲ. ದೂರಿನಲ್ಲಿ ಮಾತ್ರ ಕತ್ತಿ ಎತ್ತಿ ಕೊಲ್ಲಲು ಬಂದ ಎಂದಾಯಿತು. ದೂರು ಕೊಟ್ಟವರು ಇದ್ದರು, ಅಲ್ಲ ಎನ್ನಲು ಹೆಂಡತಿಯ ಬಾಯಿ ಬಿಟ್ಟು ಯಾರೂ ಇರಲಿಲ್ಲ. ಸುಕ್ರನನ್ನು ಜೀಪಿಗೆ ಹತ್ತಿಸಿದರು.

ಮಂಗಳವಾರ ರಾಮನಾಥರು ಕುಸುಮಾಳನ್ನು ಗೋದಾಮಿಗೆ ಕರೆಸಿದರು. ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ.

"ತಂಗಿ, ಆದದ್ದು ಆಗ್ಹೋಯ್ತು" ಎಂದರು. "ಸತೀಶಂದು ಬಿಸಿ ರಕ್ತ. ನಾನೂ ಅವನಿಗೆ ಬೈದೆ. ಈಗ ಮುಂದಿಂದು ನೋಡುವಾ. ಬರೂ ಭಾನುವಾರ ಬಿಟ್ಟು ಆಚೆ ಭಾನುವಾರ ಅಂಕೋಲೆ ಪೇಟೇಲಿ ಪ್ರದರ್ಶನ ಅದೆ. ಕಾರವಾರದಲ್ಲಿ ಒಬ್ಳು ಮುದುಕಿ ಸತ್ತೇ ಹೋದ್ಲಂತೆ ಹೇಳಿ ಜನ ಮಾತಾಡ್ತಿದ್ರು. ಅದ್ರ ಬಾಯಿ ಮುಚ್ಸ್ಬೇಕು. ಒಂದು ಹೊಸ ಚಾಪೆ ಉಜ್ಜಿ ತಯಾರು ಮಾಡು. ನಿನ್ನ ಕೈಯ ನಯ ಯಾರಿಗೂ ಬರುಲಾ. ಆಮೇಲೆ ನೀನೇ ಅದ್ರ ಮೇಲೆ ಮಲಗು. ಅತ್ತೆ ಹಾಂಗೆ. ಈ ರವಿಕೆ ಗಿವಿಕೆ ತೆಗ್ದು, ಮಣಿಸರ ಹಾಕ್ಕಂಡು, ಸಮಾ ಗೌಡ್ತಿ ವೇಷದಲ್ಲಿ."

"ವೇಷವಾ?" ಎಂದಳು ಕುಸುಮಾ.

"ಮಾತಿಗೆ ಹೇಳ್ದೆ. ನಮ್ಮತ್ತೆ ಏಣಿಯಿಂದ ಬಿದ್ದದ್ದು, ಈಗ ಆರಾಮ ಇದ್ರು ಹೇಳಿ ಮೈಕಿನಲ್ಲಿ ಒಂದು ಮಾತು ಹೇಳು. ಅಷ್ಟು ಮಾಡಿದ್ರೆ ಮರುದಿನ ಬೆಳಿಗ್ಗೆ ನಾನೇ ಠಾಣೆಗೆ ಹೋಗಿ ದೂರು ವಾಪಸು ತಕೊಂತೆ. ಸುಕ್ರ ಮನೆಗೆ ಬತ್ತ. ಇಲ್ಲಾಂದ್ರೆ..." ರಾಮನಾಥರು ಹಣೆಯ ಗಂಧ ಅಳಿಸದಂತೆ ಬೆವರು ಒರೆಸಿಕೊಂಡರು. "ಎಲೆ ಮುಳ್ಳಿನ ಮೇಲೆ ಬಿದ್ರೂ, ಮುಳ್ಳು ಎಲೆ ಮೇಲೆ ಬಿದ್ರೂ, ಹರಿಯೂದು ಎಲೆಯೇ ಅಲ್ದಾ ತಂಗಿ? ನೀ ತಿಳ್ದವ್ಳು."

ಸತೀಶ ಒಂದು ಹೊಸ ಚಾಪೆಯನ್ನು ಅವಳ ಕಾಲಬುಡದಲ್ಲಿ ಬಿಚ್ಚಿ ಹಾಸಿದ. ಅದರ ಮೇಲೆ ಮಸೆಗಲ್ಲು ಇಟ್ಟ. ಸುಕ್ರನ ಕಲ್ಲೇ, ಎಂಟು ದಿನ ಉಜ್ಜಿ ನಡುವೆ ಗುಳಿ ಬಿದ್ದದ್ದು.

ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಕುಸುಮಾ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಕೈಗೆತ್ತಿಕೊಂಡಳು. ರಾಮನಾಥರ ಮುಖ ಸಡಿಲಾಯಿತು. ಅವಳು ಕಲ್ಲಿನ ಗುಳಿಯನ್ನು ಹೆಬ್ಬೆರಳಿನಿಂದ ಸವರಿದಳು. ತಾನು ಉಜ್ಜಿದ ಒಂದೊಂದು ಮುಳ್ಳಿಗೂ ಪೆಟ್ಟಿಗೆಯಲ್ಲಿ ನೂರು ಕೂಳೆಯ ಮುಳ್ಳು ಯಾರ ಯಾರದೋ ಮನೆಗೆ ಹೋಗಿದ್ದವು. ಅತ್ತೆಯ ಬೆನ್ನು ಕಾಯಲೆಂದು ಉಜ್ಜಿದ್ದು ಕಾದದ್ದು ಇವರ ಅಂಗಡಿಯನ್ನು. ಬೆಳಿಗ್ಗೆ ಠಾಣೆಗೆ ಹೋದಾಗ ಸರಳಿನ ಹಿಂದೆ ಕಂಡ ಸುಕ್ರನ ಚಿತ್ರ ಕಣ್ಣಿಗೆ ಬಂತು. ಒಂದು ಕಣ್ಣಲ್ಲಿ ಅವಳನ್ನು ನೋಡಿ, "ಅವ್ವಿಗೆ ಹೇಳ್ದ್ಯಾ, ನೀ ಮರೀಲಿಲ್ಲ ಹೇಳಿ?" ಎಂದು ಅದೊಂದನ್ನೇ ಕೇಳಿದ್ದ. ತನ್ನನ್ನು ಬಿಡಿಸು ಎಂದಿರಲಿಲ್ಲ.

"ಎಲೆ ಅಂದ್ರಿ ಒಡೆಯಾ" ಎಂದಳು. "ಈ ಮುಳ್ಳು ನಾ ಸಮಾ ಬಲ್ಲೆ. ಕೈಯಲ್ಲಿ ಉಜ್ಜಿದ್ರೆ ಸವೀತದೆ. ಎಂಟು ದಿನ ಸಾಕು."

"ಹಾಂಗೇ! ಅದ್ಕೇ ಹೇಳ್ದೆ. ಶುರು ಮಾಡು."

ಕುಸುಮಾ ತೋಳು ಬೀಸಿದಳು. ಕಲ್ಲು ಅಂಟಿನ ಮಡಕೆಗೆ ಬಿತ್ತು. ಮಡಕೆ ಒಡೆಯಿತು. ಬಿಸಿ ಅಂಟು ಚೆಲ್ಲಿ ಪೆಟ್ಟಿಗೆಗಳ ಸಾಲಿನ ಕೆಳಗೆ ಹರಿಯಿತು. ಒಂದು ಹನಿ ಸತೀಶನ ಮೊಣಕಾಲಿಗೆ ಸಿಡಿದು ಅವನು ಕಿರುಚಿದ. ಕಿರುಚಿಕೊಂಡೇ ಬಂದು ಅವಳ ಜಡೆಗೆ ಕೈ ಹಾಕಿ, ಮಂಡಿ ಊರಿಸಿ, ಬಲ ಅಂಗೈಯನ್ನು ಹೊಸ ಚಾಪೆಯ ಮೇಲೆ ಅಪ್ಪಳಿಸಿದ. ಬೂಟು ಮೇಲೆ ಬಂತು. ಕೂಳೆಗಳು ಒಂದೊಂದಾಗಿ ಒಳಗಿಳಿದದ್ದು ಅವಳಿಗೆ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟವಾಗಿ ತಿಳಿಯಿತು.

"ಉಜ್ತ್ಯೋ ಇಲ್ವೋ?"

ಗೋಡೆಯ ಬದಿಯಿಂದ ದುರ್ಗಿ ಎದ್ದು ನಿಂತದ್ದು ಕಾಣಿಸಿತು. ಅವಳ ಹಿಂದೆ ಇನ್ನೊಬ್ಬ ಕೆಲಸದವಳು, ಹೊನ್ನು. ಯಾರೂ ಮುಂದೆ ಬರಲಿಲ್ಲ, ಯಾರೂ ಮತ್ತೆ ಕೂರಲೂ ಇಲ್ಲ.

"ಹೇಳು ತಂಗಿ" ಎಂದರು ರಾಮನಾಥರು, ಅದೇ ಮೆತ್ತಗಿನ ದನಿಯಲ್ಲಿ. "ಒಂದು ಹೂಂ ಹೇಳು. ಕಾಲು ತೆಗೀತ. ಗಂಡ ಮನೆಗೆ ಬತ್ತ. ಎಂತದಕ್ಕೆ ಈ ಹಟ?"

ಕುಸುಮಾ ಕೈ ಎಳೆದುಕೊಳ್ಳಲಿಲ್ಲ. ಬೂಟಿನಡಿಯಿಂದ ನೆತ್ತರು ಚಾಪೆಯ ಸಾಲುಗಳ ನಡುವೆ ಗದ್ದೆಯ ನೀರಿನಂತೆ ದಾರಿ ಮಾಡಿಕೊಳ್ಳುತ್ತಿತ್ತು. ಸತೀಶ ಭಾರ ಹಾಕಿ ಎಣಿಸತೊಡಗಿದ್ದ. ಅವಳು ತಲೆ ಎತ್ತಿ, ಅವನನ್ನು ಬಿಟ್ಟು, ರಾಮನಾಥರ ಹಣೆಯ ಗಂಧವನ್ನು ನೋಡುತ್ತ ಹೇಳಿದಳು:

"ಈ ಕೈ ಹೀಂಗೇ ತಕೊಂಡು ಈಗ್ಲೇ ಡಾಕ್ಟ್ರಮ್ಮನ ಹತ್ರ ಹೋಗ್ತೆ. ಅತ್ತೆ ಬೆನ್ನಿನ ಪಕ್ಕ ಇಟ್ಟು ತೋರಿಸ್ತೆ. ಏಣಿ ಹೇಳಿದ ಬಾಯಿ ನಂದೇ, ಅಲ್ಲ ಹೇಳೂದೂ ನಂದೇ. ಅಂಕೋಲೆ ಪೇಟೇಲಿ ನಿಮ್ಮ ಅಳಿಯನ ಬೆನ್ನು ಹಾಸಿ. ನಾ ಮಲ್ಗುಲಾ. ಉಜ್ಜುಲಾ."

"ಇಪ್ಪತ್ತು" ಎಂದ ಸತೀಶ.

"ಉಜ್ಜುಲಾ" ಎಂದಳು ಕುಸುಮಾ.